ಹಂದಿಯ ಹರೆಯ ಕಾಯುವ ದುರಗವ್ವ

ಶಿರಹಟ್ಟಿಯ ಹೊರಗೆ, ಜಾಲಿಮುಳ್ಳಿನ ಬೇಲಿಯೊಳಗೆ, ಇನ್ನೂ ಮಬ್ಬು ಹರಿದಿಲ್ಲ. ದುರಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕರಿಯ ಹೆಣ್ಣುಹಂದಿಯೊಂದರ ಹಿಂದೆ ನಿಂತು ಅದರ ಬೆನ್ನಿನ ಮೇಲೆ ಎರಡೂ ಅಂಗೈ ಊರುತ್ತಾರೆ. ಹಂದಿ ಗುಟುರು ಹಾಕಿ ಮುಂದಕ್ಕೆ ಸರಿಯುತ್ತದೆ. ‘ಆತು, ಇವತ್ತಲ್ಲ’ ಎಂದು ಆಕೆ ಕೈ ಒರೆಸಿಕೊಳ್ಳುತ್ತಾರೆ. ಬೆದೆಗೆ ಬಂದ ಹಂದಿಯಾದರೆ ಹೀಗೆ ಒತ್ತಿದಾಗ ಕಿವಿ ನಿಮಿರಿಸಿ ಕಲ್ಲಿನಂತೆ ನಿಲ್ಲುತ್ತದೆ. ಆ ನಿಲುವಿಗಾಗಿ ಕಾಯುವುದೇ ಈಗ ದುರಗವ್ವನ ಕೆಲಸ.

ಆಕೆಯ ಮನೆ ಬೆಟಗೇರಿಯಲ್ಲಿ. ಹಂದಿ ಸಾಕುವುದು, ಅದರ ಬೆನ್ನಿನ ಬಿರುಗೂದಲಿನಿಂದ ಕುಂಚ ಕಟ್ಟುವುದು ತಾಯಿಯಿಂದ ಬಂದ ಕಸುಬು. ಗದಗಿನ ಪತ್ತಾರರು ಒಡವೆ ತಿಕ್ಕಿ ಹೊಳಪು ಬರಿಸುವುದು ಇಂಥ ಕುಂಚದಲ್ಲೇ. ಅದನ್ನು ಕಟ್ಟಿದ ಕೈ ಯಾರದೆಂದು ಒಡವೆ ಹಾಕಿಕೊಂಡವರಿಗೆ ಗೊತ್ತಿರುವುದಿಲ್ಲ. ಹೋದ ಮಳೆಗಾಲದ ಬೇನೆಯಲ್ಲಿ ದುರಗವ್ವನ ಹಿಂಡು ಬರಿದಾಯಿತು. ತಾಯಿ ಕೊಟ್ಟ ತಳಿಯಲ್ಲಿ ಉಳಿದ ಹೆಣ್ಣು ಇದೊಂದೇ. ಹೆಸರು ಕರೆವ್ವ. ಆರೇಳು ತಿಂಗಳಿಗೆ ಬರಬೇಕಾದ ಬೆದೆ ವರ್ಷವಾಗುತ್ತ ಬಂದರೂ ಬರಲಿಲ್ಲ. ಗಂಡ ಹೊಳೆಯಪ್ಪ ಅದನ್ನು ಬಂಜೆ ಎಂದು ತೀರ್ಮಾನಿಸಿ ಹುಬ್ಬಳ್ಳಿಯ ಮಾಂಸದ ವ್ಯಾಪಾರಿಗೆ ಮಾತು ಕೊಟ್ಟುಬಿಟ್ಟಿದ್ದ. ಕಸುಬು ಬಿಟ್ಟು ತಾನು ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡುವುದೆಂದೂ ಲೆಕ್ಕ ಹಾಕಿದ್ದ.

ದುರಗವ್ವನಿಗೆ ತಾಯಿಯ ಕಾಲದ ರೂಢಿ ನೆನಪಾದದ್ದು ಆಗ. ಹರೆಯದ ಹೊಸ್ತಿಲಿನ ಹೆಣ್ಣುಹಂದಿಯನ್ನು ಬೇರೆ ಊರಿನ ನೆಂಟರ ಹಟ್ಟಿಗೆ ನಡೆಸಿಕೊಂಡು ಹೋಗಿ ಬಿಡುತ್ತಿದ್ದರು. ನೆಂಟರಿದ್ದದ್ದು ಶಿರಹಟ್ಟಿಯಲ್ಲಿ, ಅದು ಆಗ ರಾಜರ ಸಂಸ್ಥಾನದ ಊರು, ಬೆಟಗೇರಿ ಬ್ರಿಟಿಷರ ಸೀಮೆ. ಗಡಿಯಲ್ಲಿ ಸುಂಕ ವಸೂಲು ಮಾಡುವ ಜಕಾತಿ ಕಟ್ಟೆಯವರು ಹಂದಿ ಕಂಡರೆ ದಿನವಿಡೀ ಬಿಸಿಲಲ್ಲಿ ಕೂಡಿಸುತ್ತಿದ್ದರು. ಆ ಕಿರಿಕಿರಿಗೆ ರೂಢಿ ತಪ್ಪಿ, ಕರೆವ್ವ ಮರಿಯಿದ್ದಾಗಿನಿಂದ ಮನೆಯ ಗಂಡುಹಂದಿಯ ಮಗ್ಗುಲಲ್ಲೇ ಬೆಳೆಯಿತು. ‘ದಿನಾ ಕಣ್ಮುಂದ ಇರಾಂವ ಅಣ್ಣ ಆಗತಾನ, ಗಂಡ ಹೆಂಗ ಆದಾನ್ರಿ?’ ಎಂದು ಕೇಳುತ್ತಾರೆ ದುರಗವ್ವ.

ಸ್ವಾತಂತ್ರ್ಯ ಬಂದ ಮೇಲೆ, ಕಳೆದ ವರ್ಷ, ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಜಕಾತಿ ಕಟ್ಟೆ ಈಗ ಬಿಕೋ ಎನ್ನುತ್ತದೆ. ಗಂಡನ ಗೊಣಗಾಟಕ್ಕೆ ಕಿವಿಗೊಡದೆ, ಮುಳಗುಂದದ ಹೊರಗೆ ಒಮ್ಮೆ ತಂಗಿ, ಆಕೆ ಕರೆವ್ವನನ್ನು ಶಿರಹಟ್ಟಿಯಲ್ಲಿರುವ ಒಡಹುಟ್ಟಿದ ತಮ್ಮ ಹನಮಪ್ಪನ ಹಟ್ಟಿಗೆ ನಡೆಸಿ ತಂದರು. ವಾರ ಕಳೆಯುವುದರೊಳಗೆ ಹಂದಿ ಮೇವು ಬಿಟ್ಟಿತು. ಹಿಂಬದಿ ಕೆಂಪಗೆ ಊದಿತು. ಹನಮಪ್ಪನ ಗಂಡುಹಂದಿಯ ಗೂಡಿನ ಮುಂದಿನಿಂದ ಕದಲದಾಯಿತು.

ಗದಗಿನ ದನದ ದವಾಖಾನೆಯ ಕಂಪೌಂಡರ್ ದೇವೇಂದ್ರಪ್ಪ ಇದರ ಕಾರಣ ಬಿಡಿಸಿ ಹೇಳುತ್ತಾರೆ. ಹರೆಯದ ಹೊತ್ತಿಗೆ ಮಿದುಳಿನ ಬುಡದ ಪುಟ್ಟ ಗ್ರಂಥಿಯೊಂದು ಚುರುಕಾಗಿ ರಕ್ತಕ್ಕೆ ರಸ ಬಿಡುತ್ತದೆ. ಆ ರಸ ತಲುಪಿದಾಗ ಅಂಡಾಶಯವೂ ತನ್ನ ರಸ ಸುರಿಸುತ್ತದೆ. ಕೆಂಪು, ಊತ, ಚಡಪಡಿಕೆ ಎಲ್ಲ ಅದರಿಂದಲೇ. ಹಾರ್ಮೋನು ಎಂದು ಈ ರಸಗಳ ಹೆಸರು. ದಾರಿ ನಡೆದ ದಣಿವು, ಹೊಸ ಜಾಗ, ಗುರುತಿಲ್ಲದ ಗಂಡಿನ ವಾಸನೆ, ಇವು ಆ ಗ್ರಂಥಿಯನ್ನು ತಟ್ಟಿ ಎಬ್ಬಿಸಿರಬಹುದು ಎಂಬುದು ಅವರ ಅಂದಾಜು. ಇದನ್ನು ಕೇಳಿ ದುರಗವ್ವ, ‘ರಸಾ ಅನ್ರಿ, ಹರೇ ಅನ್ರಿ, ಒಮ್ಮೆ ಎದ್ದ ಮ್ಯಾಲ ಯಾರ ಮಾತೂ ಕೇಳಂಗಿಲ್ಲ ಅದು’ ಎಂದು ನಕ್ಕರಂತೆ.

ಆದರೆ ಆ ಮೊದಲ ಬೆದೆಗೆ ಆಕೆ ಗಂಡು ಬಿಡಿಸಲಿಲ್ಲ. ಮೊದಲನೆಯದು ಬರಿದೇ ಹೋಗಬೇಕು, ಎರಡನೆಯದಕ್ಕೆ ಜೋಡಿ ಮಾಡಬೇಕು ಎಂಬುದು ತಾಯಿಯ ಕಟ್ಟಳೆ. ಮೊದಲ ಸಲ ಅಂಡಗಳೂ ಕಡಿಮೆ, ಮೈಯೂ ಬಲಿತಿರುವುದಿಲ್ಲ ಎಂದು ದೇವೇಂದ್ರಪ್ಪ ಸಹ ಹೇಳುತ್ತಾರೆ. ತೊಡಕೆಂದರೆ, ಹನಮಪ್ಪ ತನ್ನ ಗಂಡುಹಂದಿಯನ್ನು ಮುಂಡರಗಿಯ ಬೀಗರಿಗೆ ಕೊಡುವೆನೆಂದು ಒಪ್ಪಿಯಾಗಿತ್ತು. ಅದು ಹೋದರೆ ಮತ್ತೆ ಬೆದೆ ಬಂದೂ ಉಪಯೋಗವಿಲ್ಲ.

‘ಅಕ್ಕಾ, ಗಂಗಾ ಹರಕೊಂಡು ಬಾಗಲಿಗೆ ಬಂದಾಗ ಕೊಡಾ ಇಲ್ಲ ಅಂತೀಯಲ್ಲ’ ಎಂದು ಆತ ರೇಗಿಸಿದ.

‘ಮೈ ನೆರೀತಂತ ಆಗಿಂದಾಗ ಬಸರ ಹೊರಸಾಕ ಬರಂಗಿಲ್ಲೋ, ಹನಮಾ’ ಎಂದರು ದುರಗವ್ವ. ‘ನನಗ ಯಾರೂ ಕಾಯಲಿಲ್ಲ.’

ಮೈನೆರೆದ ವರ್ಷವೇ ಅಕ್ಕ ಬಸುರಾದದ್ದು, ಚೊಚ್ಚಲ ಕೂಸು ಉಳಿಯದೆ ಹೋದದ್ದು, ಅಕ್ಕನೂ ಹೋಗಿಯೇಬಿಟ್ಟಳೆಂದು ಮನೆಯವರು ಬಾಯಿಗೆ ನೀರು ಬಿಟ್ಟದ್ದು ಹನಮಪ್ಪ ಕಂಡದ್ದೇ. ಗಂಡುಹಂದಿ ಬರುವುದು ತಡವಾಗುತ್ತದೆ ಎಂದು ಆ ದಿನವೇ ಮುಂಡರಗಿಗೆ ಖಬರು ಕಳಿಸಿದ. ಮೂರು ವಾರ ಆಗುತ್ತ ಬಂದಂತೆ ಬೀಗರು ಸಿಟ್ಟಾಗಿದ್ದಾರೆ. ಇನ್ನು ಎರಡು ದಿನ ಮಾತ್ರ ಕಾಯುತ್ತೇವೆಂದು ಹೇಳಿ ಕಳಿಸಿದ್ದಾರೆ.

ಬೆದೆ ತಿರುಗಿ ಬರಲು ಮೂರು ವಾರ ಬೇಕು. ಅದೂ ಮುಗಿದು, ಬೀಗರ ಗಡುವಿನ ಕೊನೆಯ ಬೆಳಗಾಗಿದೆ. ಕರೆವ್ವ ಇಂದು ತೊಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ದುರಗವ್ವ ಕೈಯೂರಿದರೆ ಹಂದಿ ನಿಲ್ಲುತ್ತದೆ. ಇನ್ನಷ್ಟು ಭಾರ ಬಿಟ್ಟರೂ ನಿಂತೇ ಇರುತ್ತದೆ. ಆಕೆ ತಮ್ಮನ ಕಡೆ ನೋಡಿ ತಲೆಯಾಡಿಸುತ್ತಾರೆ.

ಗೂಡಿನ ಅಗುಳಿ ತೆಗೆಯುತ್ತ ಹನಮಪ್ಪ, ಇಷ್ಟು ಕಾದದ್ದಕ್ಕೆ ಹನ್ನೆರಡು ಮರಿಯಾದರೂ ಬರಬೇಕು, ಅದರಲ್ಲೆರಡು ತನಗೆ ಎಂದು ಚೌಕಾಸಿಗೆ ಇಳಿಯುತ್ತಾನೆ.

‘ಮರಿ ಎಷ್ಟರ ಬರಲಿ’ ಎನ್ನುತ್ತಾರೆ ದುರಗವ್ವ. ‘ಈದ ಮ್ಯಾಲ ತಾಯಿ ಎದ್ದು ನೀರ ಕುಡದ್ರ ನನಗ ಸಾಕು.’