ಖಾಜಾಮಿಯಾನ ಕತ್ತರಿ

ಕಲಬುರಗಿಯಲ್ಲಿ ಬಿ.ಎ. ಓದುವಾಗ ಇಂಗ್ಲಿಷ್ ಮೇಡಂ ಒಂದು ಸಿನಿಮಾದ ವಿಶ್ಲೇಷಣೆ ಬರೆಯಲು ಹೇಳಿದರು. ನಾನು ಅದರ ಕಥೆ ಬರೆದುಕೊಟ್ಟೆ.

"ಕಥಿ ನನಗೂ ಗೊತ್ತದ. ಒಂದು ದೃಶ್ಯ ಕತ್ತರಿಸಿ ಇನ್ನೊಂದಕ್ಕ ಅಂಟಿಸಿದ್ರ ಏನಾಗ್ತದ, ಅದನ್ನ ಬರಿ. ಇಲ್ಲಂದ್ರ ಫೇಲ್," ಎಂದು ಹಾಳೆ ಹಿಂದಿರುಗಿಸಿದರು.

ಭಾನುವಾರ ನಮ್ಮೂರು ಕಮಲಾಪುರದ ಟಾಕೀಸಿನಲ್ಲಿ ಬೇರೊಂದು ಸಿನಿಮಾ ನೋಡಿದೆ. ಪರದೆಯ ಮೇಲೆ ತಾಯಿ ಕಣ್ಣು ಮುಚ್ಚಿದಳು. ಮರುಕ್ಷಣವೇ ಮಗಳು ಬಾವಿಕಟ್ಟೆಯಲ್ಲಿ ನಗುತ್ತಿದ್ದಳು. ನನ್ನ ಮೈ ಜುಮ್ಮೆಂದಿತು. ನಿರ್ದೇಶಕನ ಎದೆಗಾರಿಕೆಯ ಮೇಲೆ ನಾಲ್ಕು ಪುಟ ಬರೆದೆ.

"ಭೇಷ್! ನಾಳಿ ಎಲ್ಲಾರ ಮುಂದ ಓದು," ಎಂದರು ಮೇಡಂ.

ಸಂಜೆ ಊರಿಗೆ ಮರಳಿ ಹಿಗ್ಗಿನಿಂದ ಟಾಕೀಸಿನ ಆಪರೇಟರ್ ಖಾಜಾಮಿಯಾನಿಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅರೆ ಬಾಬಾ, ನಡುವ ಒಂದು ಅಳೋ ಹಾಡಿತ್ತು! ಅದನ್ನ ಇಟ್ರ ಹಳ್ಳಿ ಮಂದಿಗೆ ಐದರ ಬಸ್ ತಪ್ಪತದ. ಕಡೀ ಸೀನ್ ನೋಡದೇ ಎದ್ದು ಹೋಗ್ತಾರ. ಅದಕ್ಕ ನಾನೇ ಕತ್ತರಿ ಹಾಕೀನಿ."

ಮರುದಿನ ತಲೆ ತಗ್ಗಿಸಿ ಮೇಡಂಗೆ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಕತ್ತರಿಸಿದ್ರ ಏನಾಗ್ತದ ಅಂತ ಕೇಳಿದ್ದೆ. ಬರದೀಯಲ್ಲ! ನಿರ್ದೇಶಕನ ಹೆಸರು ಹೊಡದು ಖಾಜಾಮಿಯಾ ಅಂತ ಹಾಕಿ ಓದು."

ಪಾಸಾದೆ. ಸುದ್ದಿಯನ್ನು ಖಾಜಾಮಿಯಾನಿಗೆ ಮುಟ್ಟಿಸಿದ್ದೇ ತಪ್ಪಾಯಿತು. ಮುಂದಿನ ವಾರದ ಸಿನಿಮಾದಲ್ಲಿ ಮದುವೆಯೇ ಇರಲಿಲ್ಲ; ಪ್ರೇಮಿಗಳ ಮೊದಲ ಭೇಟಿಯಾದ ಮೇಲೆ ನೇರ ತೊಟ್ಟಿಲು. ಮಂದಿ ಬೆಂಚು ಬಡಿದು ಕೂಗಾಡುತ್ತಿದ್ದರೆ, ಅವನು ಪ್ರೊಜೆಕ್ಟರ್ ಕಿಂಡಿಯಿಂದ ಮುಖ ಚಾಚಿ ನನ್ನನ್ನೇ ಕೇಳುತ್ತಿದ್ದ:

"ಬರಕೊಂಡಿಯೇನೋ?"