ಶೀಟಮ್ಮನ ಹೊಟ್ಟೆಕಿಚ್ಚು

ಬೆಳಗಿನ ಐದು ಗಂಟೆ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಲಾಂಡ್ರಿಯಲ್ಲಿ ಶೀಟಮ್ಮ ಬಳಸಿದ ಬೆಡ್‌ಶೀಟುಗಳನ್ನು ಒಂದೊಂದಾಗಿ ಕೊಡವುತ್ತಿದ್ದಾರೆ. ಟಪ್ಪೆಂದು ಏನೋ ಬೀಳುತ್ತದೆ. ನೋಡಿದರೆ ಹಲ್ಲಿನ ಸೆಟ್ಟು! ತಳ್ಳುಗಾಡಿಯ ನಂಬರ್ ನೋಡಿ, "ಮೂರನೇ ಮಹಡಿ ಅಜ್ಜಂದು. ತಿಂಡಿ ಹೊತ್ತಿಗೆ ಮುಟ್ಟಿಸದಿದ್ರೆ ವಾರ್ಡನ್ನೇ ತಲೆ ಮೇಲೆ ಹೊತ್ಕೋತಾರೆ" ಎಂದು ಅದನ್ನು ತೊಳೆದು ಡಬ್ಬಿಗೆ ಹಾಕಿ ಮೇಲಕ್ಕೆ ಕಳಿಸುತ್ತಾರೆ.

ಕನ್ನಡಕ, ಕತ್ತರಿ, ಮುರಿದ ಸೂಜಿ, ಒಮ್ಮೆ ಮದುವೆಯ ಉಂಗುರ, ಹೀಗೆ ಶೀಟಿನ ಮಡಿಕೆಗಳಲ್ಲಿ ಇವರಿಗೆ ಸಿಗದ ವಸ್ತುವಿಲ್ಲ. ದಿನಕ್ಕೆ ಆರುನೂರು ಶೀಟು, ಅದಕ್ಕೆ ತಕ್ಕಷ್ಟು ದಿಂಬಿನ ಚೀಲ. ಜೊತೆಯವರು ಇಟ್ಟ ಹೆಸರು ಶೀಟಮ್ಮ, ಹಾಜರಿ ಪುಸ್ತಕದ ಹೆಸರು ಈಗ ಹಾಜರಿ ಪುಸ್ತಕದಲ್ಲಷ್ಟೇ ಇದೆ. ಇಬ್ಬರು ಎದುರುಬದುರು ನಿಂತು ಮಡಿಸುವ ಶೀಟನ್ನು ಇವರೊಬ್ಬರೇ ಮಡಿಸುತ್ತಾರೆ. ಅಂಚನ್ನು ಗದ್ದದ ಕೆಳಗೆ ಒತ್ತಿಕೊಂಡು ಎರಡು ಕೈ ಬೀಸಿದರೆ ಮುಗಿಯಿತು, ಮೂಲೆಗೆ ಮೂಲೆ ಕೂಡುತ್ತದೆ. ಇವರ ಬಗ್ಗೆ ಬರೆಯಲು ಬಂದ ನಾನೂ ಕೈಹಾಕಿ ನೋಡಿದೆ. ಶೀಟಿನೊಳಗೆ ನಾನೇ ಸುತ್ತಿಕೊಂಡೆ. ನಿಮ್ಮ ಕೈ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ ಎಂದೆ.

"ಹೊಟ್ಟೆಕಿಚ್ಚಿನ ಮಾತು ನನ್ನ ಹತ್ರ ಆಡಬೇಡಿ ಸಾರ್. ಅದರಲ್ಲಿ ನಾನು ಊರಿಗೇ ಪಾಠ ಹೇಳ್ತೀನಿ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಗಂಡ ತೀರಿಕೊಂಡು ಆರು ವರ್ಷ. ಇರುವವಳು ಒಬ್ಬಳೇ ಮಗಳು, ಹದಿನೈದು ದಾಟಿದೆ. ನಾಲ್ಕು ಗಂಟೆಗೆ ಶೀಟಮ್ಮ ಮನೆ ಬಿಡುವಾಗ ಅವಳು ಗಾಢ ನಿದ್ದೆಯಲ್ಲಿರುತ್ತಾಳೆ. ಮಧ್ಯಾಹ್ನ ಇಲ್ಲಿಂದ ಹೊರಟು ಇನ್ನೊಂದು ಸಣ್ಣ ಆಸ್ಪತ್ರೆಯ ಇಸ್ತ್ರಿ ಮುಗಿಸಿ ಮನೆ ಸೇರುವಾಗ ಎಂಟಾಗಿರುತ್ತದೆ. ಮಗಳು ಬೆಳೆದದ್ದನ್ನು ಅವಳ ಬಟ್ಟೆಯ ಅಳತೆಯಲ್ಲಿ ಗುರುತಿಸಿದೆ ಎನ್ನುತ್ತಾರೆ ಶೀಟಮ್ಮ.

ಹೋದ ವರ್ಷ ಆ ಮಗಳು ಗೆಳತಿಯರ ಜೊತೆ ಪಕ್ಕದ ಮನೆಯ ಸ್ಕೂಟರನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋದಳು. ತಿರುವಿನಲ್ಲಿ ನಡೆದು ಬರುತ್ತಿದ್ದ ಹಿರಿಯರೊಬ್ಬರಿಗೆ ಗುದ್ದಿ ಅವರ ಕಾಲು ಮುರಿಯಿತು. ಮಕ್ಕಳ ನ್ಯಾಯಾಲಯ ಅವಳನ್ನು ಒಂದೂವರೆ ವರ್ಷ ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಇರಿಸಿತು. ಶಾಲೆ ತಪ್ಪಿಸುವಂತಿಲ್ಲ, ಸಂಜೆ ಆರರೊಳಗೆ ಮನೆಯಲ್ಲಿರಬೇಕು, ಪ್ರತಿ ಶನಿವಾರ ಅಧಿಕಾರಿಯ ಮುಂದೆ ಹಾಜರಾಗಬೇಕು. ತಪ್ಪಿದರೆ ಬಾಲಮಂದಿರ.

ಆ ಅಧಿಕಾರಿಯೇ ಶೀಟಮ್ಮನ ಹೊಟ್ಟೆಕಿಚ್ಚಿನ ಕಾರಣ. ವಯಸ್ಸು ಮೂವತ್ತರ ಆಸುಪಾಸು, ಮೆಲುದನಿ. ಶನಿವಾರ ರಜೆ ಹಾಕಿ ಬಂದ ತಾಯಿ ಹೊರಗಿನ ಬೆಂಚಿನ ಮೇಲೆ, ಮಗಳು ಗಾಜಿನ ಬಾಗಿಲಿನ ಒಳಗೆ.

"ಮನೇಲಿ ನನ್ನ ಹತ್ರ ಮೂರೇ ಮಾತು ಸಾರ್. ಹೂಂ, ಇಲ್ಲ, ಸಾಕು. ಅಲ್ಲಿ ಕೂತ್ರೆ ಕೈ ಬಾಯಿ ಎರಡೂ ಆಡ್ತವೆ! ಒಂದಿನ ನಗ್ತಾ ಇದ್ಲು. ಬಾಗಿಲು ಹಾಕಿತ್ತು. ನಗು ಕಾಣ್ತಿತ್ತು, ಕೇಳಿಸ್ತಿರಲಿಲ್ಲ. ಆಮೇಲೊಂದಿನ ಮೇಡಂ ಥರ ಪಕ್ಕಕ್ಕೆ ಬೈತಲೆ ತೆಗೆದ್ಲು. ಇಷ್ಟು ವರ್ಷ ನಾನು ಬಾಚಿದ ತಲೆ ಅದು. ಹೊಟ್ಟೆ ಉರಿದು ಹೋಯ್ತು."

ಪಕ್ಕದ ರಾಜ್ಯದಲ್ಲಿ ಶೀಟಮ್ಮನ ಅಕ್ಕ ಇದ್ದಾರೆ. ಅಲ್ಲಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಖಾಲಿಯಿದೆ ಎಂದು ಹೇಳಿ ಕಳಿಸಿದರು. ಎಂಟರಿಂದ ನಾಲ್ಕು, ಒಂದೇ ಕೆಲಸ. ಮಗಳು ಏಳುವಾಗ ತಾಯಿ ಮನೆಯಲ್ಲಿರಬಹುದು. ಶೀಟಮ್ಮನಿಗೆ ಬೇಕಾಗಿದ್ದದ್ದು ಅಷ್ಟೇ. ಮಗಳನ್ನು ಕರೆದುಕೊಂಡು ಹೋಗಲು ಅನುಮತಿ ಕೇಳಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. "ಕಾಗದ ಬಂದ ತಕ್ಷಣ ತನ್ನಿ, ಕೂತು ನೋಡೋಣ" ಎಂದಿದ್ದರು ಅಧಿಕಾರಿ.

ಕಾಗದ ಮನೆಗೆ ಬಂತು. ಸ್ಥಳ ಬದಲಿಸಲು ಅಡ್ಡಿಯಿಲ್ಲ ಎಂಬ ಮೊದಲ ಸಾಲನ್ನು ಶೀಟಮ್ಮ ಓದಿದರು. ಆ ರಾಜ್ಯದ ಇಲಾಖೆ ಮಗುವಿನ ಹೊಣೆ ಒಪ್ಪಿಕೊಂಡ ಮೇಲಷ್ಟೇ ಹೊರಡಬೇಕು ಎಂಬ ಕೆಳಗಿನ ಸಾಲನ್ನು ಓದಲಿಲ್ಲ. ಆರುನೂರು ಶೀಟು ಕೊಡವಿ ಒಂದು ಸೂಜಿಯನ್ನೂ ಬಿಡದ ಕಣ್ಣಿಗೆ ಅದು ಬೀಳಲಿಲ್ಲ. ಅಧಿಕಾರಿಗೆ ತೋರಿಸಿದ್ದರೆ ಒಂದು ನಿಮಿಷದ ಮಾತಾಗಿತ್ತು.

ಯಾಕೆ ತೋರಿಸಲಿಲ್ಲ? ಶೀಟಮ್ಮ ದಿಂಬಿನ ಚೀಲವೊಂದನ್ನು ಬೇಕಿಲ್ಲದಿದ್ದರೂ ಮತ್ತೆ ಮಡಿಸುತ್ತಾರೆ. "ತೋರಿಸಿದ್ರೆ ಮೇಡಂನ ಬಿಟ್ಟು ಹೋಗ್ಬೇಕಲ್ಲ ಅಂತ ಮಗಳು ಅವರ ಮುಂದೆ ಕೂತು ಅಳ್ತಾಳೆ. ಆ ಅಳೂನೂ ಅವರ ಪಾಲಿಗೇ ಹೋಗುತ್ತೆ ಅನ್ನಿಸ್ತು. ಗಂಟುಮೂಟೆ ಕಟ್ಟಿ ಹೊರಟುಬಿಟ್ಟೆ."

ಶನಿವಾರ ಮಗಳು ಹಾಜರಾಗಲಿಲ್ಲ. ಸಂಜೆಯೇ ಅಧಿಕಾರಿಯ ಫೋನು. ಸೋಮವಾರ ತಾಯಿ, ಮಗಳು ಇಬ್ಬರೂ ಹೋದ ದಾರಿಯಲ್ಲೇ ವಾಪಸ್, ನೇರ ನ್ಯಾಯಾಲಯಕ್ಕೆ. ಮಗಳನ್ನು ಬಾಲಮಂದಿರಕ್ಕೆ ಕಳಿಸುವ ಮಾತು ಬಂತು. ಆಗ ಎದ್ದು ನಿಂತವರು ಅದೇ ಅಧಿಕಾರಿ. ತಪ್ಪು ಹುಡುಗಿಯದಲ್ಲ, ಕಾಗದವನ್ನು ಬಿಡಿಸಿ ಹೇಳಲು ನಾನೇ ಮನೆಗೆ ಹೋಗಬೇಕಿತ್ತು ಎಂದರು.

"ಬೈದಿದ್ರೆ ಚೆನ್ನಾಗಿತ್ತು ಸಾರ್. ತಪ್ಪನ್ನೂ ತಮ್ಮ ಮೇಲೆ ಹಾಕ್ಕೊಂಡ್ರು. ಅವತ್ತು ಇನ್ನೂ ಜಾಸ್ತಿ ಉರೀತು" ಎನ್ನುತ್ತಾರೆ ಶೀಟಮ್ಮ.

ಅಕ್ಕ ಅಲ್ಲಿನ ಮೇಲ್ವಿಚಾರಕರಿಗೆ ದುಂಬಾಲು ಬಿದ್ದು ಕೆಲಸವನ್ನು ತಿಂಗಳ ಕೊನೆಯವರೆಗೆ ತಡೆದಿಟ್ಟರು. ಶೀಟಮ್ಮ ಇಲ್ಲಿ ಮತ್ತೆ ಗಾಡಿ ತಳ್ಳಿದರು. ಇನ್ನು ನಾಲ್ಕೇ ದಿನ ಉಳಿದಿದೆ ಎನ್ನುವಾಗ ಆ ರಾಜ್ಯದ ಒಪ್ಪಿಗೆ ಬಂತು.

ಕೊನೆಯ ಶನಿವಾರ ನಾನೂ ಆ ಬೆಂಚಿನ ಮೇಲೆ ಕುಳಿತಿದ್ದೇನೆ. ಅಲ್ಲಿನ ಅಧಿಕಾರಿಗೆ ಕೊಡಲು ಇಲ್ಲಿನ ಮೇಡಂ ಬರೆದ ನಾಲ್ಕು ಪುಟಗಳನ್ನು ಶೀಟಮ್ಮ ಓದುತ್ತಿದ್ದಾರೆ. ಈ ಸಲ ಕೆಳಗಿನ ಸಾಲುಗಳನ್ನೂ ಬೆರಳಿಟ್ಟು. ಅದರಲ್ಲಿ ಹೀಗೆ ಬರೆದಿದೆ: ಸ್ಕೂಟರಿನ ಸದ್ದು ಕೇಳಿದರೆ ಹುಡುಗಿ ಇಂದಿಗೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಕಾಲು ಮುರಿದ ಹಿರಿಯರಿಗೆ ಹನ್ನೊಂದು ಪತ್ರ ಬರೆದಿದ್ದಾಳೆ, ಒಂದನ್ನೂ ಕೊಟ್ಟಿಲ್ಲ. ತಾಯಿ ನಾಲ್ಕಕ್ಕೆ ಎದ್ದಾಗ ಅವಳಿಗೂ ಎಚ್ಚರವಾಗುತ್ತದೆ, ಅಮ್ಮನಿಗೆ ತಡವಾಗದಿರಲಿ ಎಂದು ನಿದ್ದೆಯ ಸೋಗು ಹಾಕುತ್ತಾಳೆ.

ಆ ಸಾಲಿನ ಮೇಲೆ ಬೆರಳು ಬಹಳ ಹೊತ್ತು ನಿಲ್ಲುತ್ತದೆ. "ಹೆತ್ತವಳು ನಾನು. ಇದನ್ನ ಅವರು ಬರೆದು ನಾನು ಓದಬೇಕು, ನೋಡಿ" ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಗಾಜಿನ ಆಚೆ ಮಗಳು ಅಳುತ್ತಿದ್ದಾಳೆ. ಶೀಟಮ್ಮ ಎದ್ದು ಒಳಗೆ ನುಗ್ಗುತ್ತಾರೆ ಎಂದುಕೊಂಡೆ. ಅವರು ಬೆಂಚಿನಿಂದ ಅಲುಗಲಿಲ್ಲ. ಕಾಗದಗಳನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸಿ ಚೀಲದೊಳಗಿಟ್ಟರು. "ಅಳಲಿ ಬಿಡಿ. ರೈಲಿಗೆ ಇನ್ನೂ ಹೊತ್ತಿದೆ" ಎಂದರು.

ಹೊಸ ಊರಿನಲ್ಲಿ ಏನು ಬೇಕು ನಿಮಗೆ, ಎಂದು ಕೇಳಿದೆ.

"ಏನಿಲ್ಲ ಸಾರ್. ಅಲ್ಲೂ ನನ್ನ ಹೊಟ್ಟೆ ಹೀಗೇ ಉರಿಸೋ ಮೇಡಂ ಒಬ್ಬರು ಅವಳಿಗೆ ಸಿಗಲಿ."