ಅಟ್ಟ ನೋಡಲು ಬಂದ ಜೇನುಗಳು

ಹತ್ತು ಗಂಟೆಯ ಬಸ್ಸಿಗೆ ಎಂಟೂವರೆಗೇ ಹೋಗಿ ಕೂರುವವನು ನಾನು. ಗಾಬರಿಯಾಗಲು ನನಗೆ ಕಾರಣವೇ ಬೇಕಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ, ಹಿರಿಯೂರಿನ ನಮ್ಮ ಮನೆಯ ಗೇಟಿನ ಮೇಲೆ ಬಾಗಿದ ನುಗ್ಗೆಯ ಕೊಂಬೆಗೆ ಸಾವಿರಾರು ಜೇನುಹುಳುಗಳು ಬಂದು ಜೋತುಬಿದ್ದು, ಸರಿಯಾದ ಕಾರಣವನ್ನೇ ಒದಗಿಸಿದವು.

ನನ್ನ ಹೆಂಡತಿ ಶಾರದೆಗೆ ಜೇನು ಆಗದು. ಹಿಂದೊಮ್ಮೆ ಒಂದೇ ಒಂದು ಹುಳು ಕಚ್ಚಿ, ಮುಖ ಊದಿ, ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದಳು. ಇನ್ನೊಮ್ಮೆ ಕಚ್ಚಿದರೆ ಕಷ್ಟ ಎಂದಿದ್ದರು ಡಾಕ್ಟರು. ರಾಮಗಿರಿಯಲ್ಲಿರುವ ಅವಳ ತಂಗಿಯ ಮನೆಗೆ ಕಳಿಸೋಣವೆಂದರೆ ಹೊರಗೆ ಹೋಗಲು ಇರುವುದು ಅದೊಂದೇ ಗೇಟು. ಕಿಟಕಿಗಳನ್ನೆಲ್ಲ ಮುಚ್ಚಿ, ಮತ್ತೋಡಿನ ಕರಿಯಣ್ಣನಿಗೆ ಫೋನ್ ಮಾಡಿದೆ. ತೋಟಗಳಲ್ಲಿ ಜೇನುಪೆಟ್ಟಿಗೆ ಇಟ್ಟು ಬದುಕುವವನು ಅವನು.

ಮಧ್ಯಾಹ್ನದ ಹೊತ್ತಿಗೆ ಬಂದವನು ಮೇಲೆ ನೋಡಿ ಹೇಳಿದ: "ತುಡುವೆ ಜೇನು, ಪೊಟರೆ ಸಂದಿ ಒಳಗೆ ಗೂಡು ಕಟ್ಟೋ ಜಾತಿ. ಹಿಡಿಯಾಣ ಅಂದ್ರೆ ಕರೆಂಟ್ ತಂತಿ ಪಕ್ಕದಲ್ಲೇ ಐತೆ. ಹೆದರಬ್ಯಾಡ್ರಿ ಸಾರ್, ಇಲ್ಲಿ ಇರಾಕೆ ಬಂದಿಲ್ಲ. ಮನೆ ಹುಡುಕ್ತಾ ಅವೆ."

"ಎಲ್ಲಿ?"

ಅವನು ನಮ್ಮ ಅಡುಗೆಮನೆಯ ಅಟ್ಟದ ಗಾಳಿಕಿಂಡಿಯತ್ತ ಬೆರಳು ತೋರಿಸಿದ. ಹತ್ತು ಹನ್ನೆರಡು ಹುಳುಗಳು ಒಳಗೆ ಹೋಗಿ ಬರುತ್ತಿದ್ದವು.

ಜಾಗ ನೋಡಿಬಂದ ಹುಳು ಗುಂಪಿನ ಮೈಮೇಲೆಯೇ ಕುಣಿದು ಸುದ್ದಿ ಹೇಳುತ್ತದೆಂದು ಕರಿಯಣ್ಣ ವಿವರಿಸಿದ. ಜಾಗ ಒಳ್ಳೆಯದಿದ್ದಷ್ಟೂ ಕುಣಿತ ಹೆಚ್ಚು. ಕೇಳಿದವು ಹಾಗೇ ನಂಬುವುದಿಲ್ಲ. ತಾವೇ ಹೋಗಿ ನೋಡಿ ಬಂದು, ಒಪ್ಪಿಗೆಯಾದರೆ ತಾವೂ ಕುಣಿಯುತ್ತವೆ. ಒಂದು ಜಾಗದಲ್ಲಿ ಸಾಕಷ್ಟು ಹುಳು ಸೇರಿದರೆ ಇಡೀ ಗುಂಪೇ ಹೊರಡುತ್ತದೆ. ರಾಣಿಯನ್ನು ಯಾರೂ ಕೇಳುವುದಿಲ್ಲ. ನಮ್ಮ ಬೀದಿಯವರು ಕಸದ ತೊಟ್ಟಿ ಎಲ್ಲಿಡಬೇಕೆಂದು ಇನ್ನೂ ಜಗಳವಾಡುತ್ತಿದ್ದಾರೆ. ಬೇರೆ ದಿನವಾಗಿದ್ದರೆ ಜೇನನ್ನು ಮೆಚ್ಚುತ್ತಿದ್ದೆ. ಅಂದು ಮಾತ್ರ ಕಿಂಡಿಯ ಮುಂದಿನ ತಲೆಗಳನ್ನು ಎಣಿಸುತ್ತ ನಿಂತೆ. ಮೂರು ಗಂಟೆಗೆ ಇಪ್ಪತ್ತು ದಾಟಿದವು.

"ಈಗಲೇ ಮುಚ್ಚಿಬಿಡೋಣ," ಎಂದೆ.

"ಒಳಗಿರೋವು ಅಡುಗೆಮನೆಗೆ ಇಳಿದ್ರೆ ಅಮ್ಮೋರ ಗತಿ ಏನು? ಹೊತ್ತು ಮುಳುಗೋವಾಗ ಎಲ್ಲಾ ಗುಂಪಿಗೆ ವಾಪಸ್ ಬರ್ತಾವೆ. ಆಗ ಮುಚ್ರಿ," ಎಂದು ಹೇಳಿ ಕರಿಯಣ್ಣ ಬಸ್ಸು ಹತ್ತಿದ.

ಸಂಜೆ, ಪಕ್ಕದ ಮನೆಯ ತಗಡಿನ ಕೆಲಸದ ಮುನೀರ್ ಸಾಬರು ಏಣಿ ಹತ್ತಿ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಬಡಿದರು. ಕೆಳಗೆ ಏಣಿ ಹಿಡಿದಿದ್ದ ನನ್ನತ್ತ ಬಗ್ಗಿ ನೋಡಿ, "ಏಣಿ ಅಲ್ಲಾಡ್ತೈತೋ, ನೀವೋ ಸಾರ್?" ಎಂದು ಕೇಳಿದರು.

ಮರುದಿನ ಹುಳುಗಳು ಜಾಲರಿಯ ಮೇಲೆಲ್ಲ ಹರಿದಾಡಿ ಸಂದು ಹುಡುಕಿದವು. ಬಿಸಿಲೇರಿದಂತೆ ಒಂದೊಂದೇ ಕಡಿಮೆಯಾದವು. ಹನ್ನೊಂದರ ಸುಮಾರಿಗೆ ಕೊಂಬೆಯ ಗುಂಪು ಗುಂಯ್ಯೆಂದು ಬಿಚ್ಚಿಕೊಂಡು ಅಂಗಳದ ತುಂಬ ಹರಡಿತು. ಕಿಟಕಿಯ ಗಾಜಿಗೆ ಹುಳುಗಳು ಬಡಿಯುತ್ತಿದ್ದವು. ಶಾರದೆ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದಳು. ನೋಡುತ್ತಿದ್ದಂತೆ ಆ ಕಪ್ಪು ಮೋಡ ಮನೆಯ ಮಾಡು ದಾಟಿ ನದಿಯ ಕಡೆಗೆ ತೇಲಿತು.

ಮುನೀರ್ ಸಾಬರು ಮೊಪೆಡ್ಡಿನಲ್ಲಿ ಬೆನ್ನಟ್ಟಿ ಹೋಗಿ ಬಂದು, "ನದಿ ಆಚೆ ಹುಣಸೆ ಮರದ ಪೊಟರೆ ಸೇರ್ಕಂಡ್ವು," ಎಂದರು.

ಶಾರದೆ ಎರಡು ದಿನದಿಂದ ಮುಚ್ಚಿದ್ದ ಕಿಟಕಿ ತೆರೆದು ಕೇಳಿದಳು: "ಪೊಟರೆ ಒಳಗೆ ಮಳೆ ನೀರು ಇಳಿಯಲ್ಲ ತಾನೆ? ಅಷ್ಟೊಂದು ಹುಳಕ್ಕೆ ಜಾಗ ಸಾಲ್ತೈತಾ?"

ಚಿಂತೆ ಮಾಡುವುದರಲ್ಲಿ ಈ ಮನೆಗೆ ನಾನೇ ಹಿರಿಯನೆಂದುಕೊಂಡಿದ್ದೆ. ನನ್ನ ಚಿಂತೆ ಕಿಟಕಿಯ ಗಾಜಿನವರೆಗೆ ಬಂದು ನಿಂತಿತ್ತು. ಅವಳದು ಆಗಲೇ ನದಿ ದಾಟಿತ್ತು.